ನಾಲ್ಕನೇ ಕಮಾನು

ದೊಡ್ಡ ಮಗ ಹುಟ್ಟಿ ನಾಲ್ಕು ತಿಂಗಳಾಗಿದ್ದಾಗ ಅತ್ತೆ ಒಂದು ಮಾತು ಕೊಟ್ಟಿದ್ದರು. ಸೀಟ್ ಕವರ್ ಹೊಲಿಯುವ ಅಂಗಡಿಯ ಕೆಲಸ ಬಿಡುವುದೋ ಬೇಡವೋ ಎಂದು ಸೊಸೆ ಅಡುಗೆಮನೆಯ ಕಟ್ಟೆಗೊರಗಿ ಅಳುತ್ತಿದ್ದಳು. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಶಾಲಾ ವ್ಯಾನಿನ ಕೀ ಕುಣಿಸುತ್ತಾ ಹೇಳಿದ್ದರು:

“ಕೆಲಸ ಯಾಕೆ ಬಿಡ್ತೀಯಾ? ಊರ ಮಕ್ಕಳನ್ನೆಲ್ಲ ಶಾಲೆಗೆ ಹೊತ್ತು ಹಾಕೋಳಿಗೆ ನನ್ನ ಮೊಮ್ಮಕ್ಕಳು ಭಾರಾನಾ? ನೀನು ನಿನ್ನ ಮಷೀನು ತುಳಿ. ಕರ್ಕೊಂಡು ಹೋಗೋದು ಬರೋದು ನನಗಿರಲಿ. ನನ್ನ ಕೈಯೋ ಕಣ್ಣೋ ಕೈಕೊಡ್ತಿದೆ ಅಂತ ಅನ್ನಿಸಿದ ದಿನ ನಾನೇ ಕೀ ತಂದು ನಿನ್ನ ಕೈಯಲ್ಲಿಡ್ತೀನಿ. ನೀನು ಬಾಯಿಬಿಟ್ಟು ಕೇಳೋ ಹಾಗೆ ಮಾಡ್ಕೊಳ್ಳಲ್ಲ.”

ಅದಾಗಿ ಹತ್ತೊಂಬತ್ತು ವರ್ಷ. ಆ ಮಗು ಈಗ ಮೀಸೆ ಬಿಟ್ಟುಕೊಂಡು ಟಯರ್ ಅಂಗಡಿಯಲ್ಲಿ ದುಡಿಯುತ್ತಿತ್ತು. ಅದರ ಹಿಂದೆ ಬಹಳ ತಡವಾಗಿ ಒಂದು ಹೆಣ್ಣು ಹುಟ್ಟಿ, ಅದಕ್ಕೂ ಆರು ತುಂಬಿತ್ತು. ಮನೆಯಲ್ಲಿ ಅದನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಅತ್ತೆ ವ್ಯಾನಿನ ಕೆಲಸದಿಂದ ನಿವೃತ್ತರಾಗಿ ಏಳು ವರ್ಷವಾದರೂ ಬೀದಿಯವರ ಬಾಯಲ್ಲಿ ಇನ್ನೂ ವ್ಯಾನಮ್ಮನೇ. ಮನೆಯ ಹಸಿರು ಬಣ್ಣದ ಹಳೇ ಕಾರಿನ ಕೀ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಗುಬ್ಬಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ, ಎಂಟೂವರೆಗೆ ಸೊಸೆ ನಿಶ್ಚಿಂತೆಯಿಂದ ಅಂಗಡಿಯ ಮಷೀನಿನ ಮುಂದೆ ಕೂತಿರುತ್ತಿದ್ದಳು.

ಜಗಳ ಶುರುವಾದದ್ದು ಮಗ ತಂದ ಗಾಲಿಗಳಿಂದ. ಯಾರೋ ಗಿರಾಕಿ ಬಿಚ್ಚಿಸಿ ಬಿಟ್ಟುಹೋದ ನಾಲ್ಕು ಅಗಲದ ಗಾಲಿಗಳನ್ನು ಅವನು ತಿಕ್ಕಿ ತೊಳೆದು ಮನೆಗೆ ಹೊತ್ತು ತಂದು, ಯಾರನ್ನೂ ಕೇಳದೆ ಕಾರಿಗೆ ಹಾಕಿಬಿಟ್ಟ. ಮಾರನೆಯ ದಿನ ಅತ್ತೆ ಶಾಲೆಯಿಂದ ವಾಪಸು ಬಂದವರು ಬಾಗಿಲಲ್ಲೇ ಕೂಗಿದರು.

“ಎಲ್ಲಿದ್ದೀಯೋ? ಗುಂಡಿಗೆ ಇಳಿದ್ರೆ ಸಾಕು, ಗರ್ ಅಂತ ಹಲ್ಲು ಕಡಿದ ಹಾಗೆ ಸದ್ದು. ಇದೇನು ಕಾರೋ, ಹಿಟ್ಟಿನ ಗಿರಣಿಯೋ?”

“ಅಜ್ಜಿ, ಗಾಲಿ ಅಗಲ ಇದೆ, ಅದಕ್ಕೆ ಮಡ್ಗಾರ್ಡಿನ ಒಳಂಚು ತಾಗುತ್ತೆ. ಅಂಚು ಮಡಿಸಿದ್ರೆ ಆಯ್ತು. ಅಪ್ಪನಿಗೆ ಅರ್ಧ ದಿನದ ಕೆಲಸ.”

“ಮೊದಲು ತಲೆ ಮಡಿಸ್ಕೋ ನೀನು.”

ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಒಂದೊಂದು ಮೊಟ್ಟೆ. ಸೊಸೆಯ ಗಂಡ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಮಗನ ಕಡೆ ವಾಲಿದ. ಅವನು ಗ್ಯಾರೇಜಿನಲ್ಲಿ ಟಿಂಕರ್. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದರಲ್ಲಿ ಆ ಕಡೆಗೆಲ್ಲ ಹೆಸರಾದವನು.

“ಮಡಿಸಿಕೊಡ್ತೀನಿ ಬಿಡಮ್ಮ. ಪೇಂಟು ಒಂದು ಕೂದಲಷ್ಟೂ ಎಗರಲ್ಲ.”

“ಹಳೇ ಗಾಲಿ ಹಾಕಿದ್ರೆ ಏನು ಗಂಟು ಹೋಗುತ್ತೆ?” ಅಂದರು ಅತ್ತೆ.

“ಅವು ಬೋಳಾಗಿವೆ ಅಜ್ಜಿ. ಒದ್ದೆ ರಸ್ತೆಯಲ್ಲಿ ಜಾರ್ತವೆ. ಗುಬ್ಬಿ ಕೂರೋ ಗಾಡಿ ಅಂತ ತಂದೆ ನಾನು.”

ಅತ್ತೆ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಮುಟ್ಟದೆ ಎದ್ದರು. ಮೊಟ್ಟೆ ಅವರ ತಟ್ಟೆಯ ಎಡದಂಚಿನಲ್ಲಿತ್ತು. ಸಿಟ್ಟಿಗೆ ಬಿಟ್ಟರು ಅಂದುಕೊಂಡು ಸೊಸೆ ಅದನ್ನು ಗುಬ್ಬಿಗೆ ಕೊಟ್ಟಳು.

ಮೊದಲ ಭಾನುವಾರ ಗಂಡ ಅಂಗಳದಲ್ಲಿ ಕೆಲಸಕ್ಕೆ ಕೂತ. ಅವನ ಕೆಲಸ ನೋಡಲು ಸೊಸೆಗೆ ಮೊದಲಿಂದಲೂ ಇಷ್ಟ. ಬಟಾಣಿ ಸುಲಿಯುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತಳು. ಜ್ಯಾಕ್ ಕೊಟ್ಟು ಗಾಲಿ ಕಳಚಿದ. ಗಾಲಿಯ ಮೇಲಿನ ಮಡ್ಗಾರ್ಡಿನ ಕಮಾನಿನ ಒಳಗೆ ಮೆತ್ತಿಕೊಂಡಿದ್ದ ಮಣ್ಣನ್ನೆಲ್ಲ ಬ್ರಷ್ ಹಾಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿದ. ಗಾಲಿ ಕೂರುವ ಜಾಗಕ್ಕೆ ರೋಲರನ್ನು ಬೋಲ್ಟು ಹಾಕಿ ಬಿಗಿದ. ಅದೊಂದು ಕಬ್ಬಿಣದ ತೋಳು, ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಉರುಳೆ. ಉರುಳೆ ಅಂಚಿಗೆ ಒತ್ತಿ ನಿಂತ ಮೇಲೆ ಹೀಟ್ ಗನ್ನಿನಿಂದ ಬಿಸಿಗಾಳಿ ಹಿಡಿದ. ಒಂದೇ ಕಡೆ ನಿಲ್ಲಿಸದೆ, ಇಸ್ತ್ರಿ ಆಡಿಸಿದ ಹಾಗೆ ಆ ತುದಿಯಿಂದ ಈ ತುದಿಗೆ. ಆಗಾಗ ಹೊರಮೈಗೆ ಅಂಗೈ ಹಚ್ಚಿ ನೋಡುತ್ತಿದ್ದ.

“ಕೈ ಇಡೋಕಾಗಬೇಕು, ಇಟ್ಟುಕೊಳ್ಳೋಕಾಗಬಾರದು. ಅಷ್ಟು ಬಿಸಿ,” ಅಂದ ಮಗನಿಗೆ. “ತಣ್ಣಗಿದ್ರೆ ಪೇಂಟು ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಬೆಚ್ಚಗಾದ್ರೆ ತಗಡಿನ ಜೊತೆ ತಾನೂ ಬಾಗುತ್ತೆ. ಅವಸರ ಮಾಡಬಾರದು. ಒಂದು ಸುತ್ತು ತಿರುಪು ಬಿಗಿ, ಹತ್ತು ಸಲ ಆಡಿಸು, ಮತ್ತೆ ಬಿಸಿ ಮಾಡು. ಕೆಲವರು ಕಬ್ಬಿಣದ ಪೈಪು ತುರುಕಿ ಗಾಡಿ ಉರುಳಿಸ್ತಾರೆ. ಅವರ ಕೈಗೆ ಕೊಟ್ಟ ಗಾಡಿ ವಾಪಸ್ ಬರೋದು ನನ್ನ ಹತ್ರ.”

ಕಾರಿನ ಮುಂಭಾಗದ ಎರಡು ಕಮಾನುಗಳೂ ಸಂಜೆಯೊಳಗೆ ಮುಗಿದವು. ಲಂಬವಾಗಿ ಚಾಚಿಕೊಂಡಿದ್ದ ಒಳಂಚು ಮಡಿಸಿದ ಹಾಳೆಯ ಹಾಗೆ ಒಳಮೈಗೆ ಅಂಟಿ ಕೂತಿತ್ತು. ಹಸಿರು ಬಣ್ಣ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಎರಡನೇ ಭಾನುವಾರ ಹಿಂದಿನ ಬಲಗಡೆಯದೂ ಆಯಿತು. ಮಧ್ಯಾಹ್ನ ಎರಡಕ್ಕೇ ಅದು ಮುಗಿದರೂ ಗಂಡ ರೋಲರ್ ಬಿಚ್ಚಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ.

“ಇನ್ನೊಂದು?” ಅಂದ ಮಗ.

“ಮುಂದಿನ ವಾರ.”

“ಇನ್ನೂ ಬೆಳಕಿದೆಯಲ್ಲಪ್ಪ.”

“ಹೇಳಿದೆನಲ್ಲೋ, ಮುಂದಿನ ವಾರ.”

ಮುಂದಿನ ವಾರ ಬಂತು. ಗಂಡ ಹೀಟ್ ಗನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, ಒಳಗಿನ ತಂತಿ ಸುಟ್ಟುಹೋಗಿದೆ ಅಂದ. ರಿಪೇರಿಗೆ ಕೊಟ್ಟು ಬರಬೇಕು ಅಂದ. ಅದನ್ನು ಬೀರುವಿನ ಮೇಲೆ ಎಸೆದು ಮಲಗಲು ಹೋದ.

ಮಾರನೆಯ ದಿನ ಸೊಸೆಯ ಅಂಗಡಿಯ ಹೀಟ್ ಗನ್ ಮಾಲೀಕನ ಜೊತೆ ಬೇರೆ ಕಡೆ ಹೋಗಿತ್ತು. ಕೃತಕ ಚರ್ಮದ ಕವರು ಸೀಟಿಗೆ ಎಳೆದ ಮೇಲೆ ಸುಕ್ಕು ಬಿಡಿಸಲು ಬಿಸಿಗಾಳಿ ಬೇಕೇ ಬೇಕು. ತಂತಿ ಸುಟ್ಟಿದ್ದರೆ ಅಂಗಡಿಯ ಎದುರಿನ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾನೆ ಎಂದು ಬೀರುವಿನ ಮೇಲಿಂದ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಎಲೆಕ್ಟ್ರಿಷಿಯನ್ ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಗನ್ನು ಬುಸ್ ಅಂತು.

“ಅಕ್ಕ, ಇದಕ್ಕೇನಾಗಿದೆ? ನನ್ನ ತಲೆ ಒಣಗಿಸ್ಕೊಬಹುದು.”

ಸೊಸೆ ನಕ್ಕಳು. ಅಂಗಡಿಗೆ ಬಂದು ಮೂರು ಸೀಟಿನ ಸುಕ್ಕು ಬಿಡಿಸುವಷ್ಟರಲ್ಲಿ ನಗು ಇಳಿದಿತ್ತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಕುಡಿದು ಬಂದದ್ದುಂಟು, ಸಿಡುಕಿದ್ದುಂಟು. ತನ್ನ ಕೆಲಸದ ಸಾಮಾನಿನ ಬಗ್ಗೆ ಸುಳ್ಳು ಹೇಳಿದ್ದಿರಲಿಲ್ಲ.

ಸಂಜೆ ಗನ್ನನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಗಂಡನಿಗೆ ಚಹಾ ಕೊಡುತ್ತಾ ಕೇಳಿದಳು.

“ರೀ, ಗನ್ನು ರಿಪೇರಿಗೆ ಕೊಟ್ರಾ?”

“ಕೊಟ್ಟೆ. ಗುರುವಾರ ಕೊಡ್ತಾನಂತೆ.”

ಅವಳು ತಲೆ ಎತ್ತಿ ಬೀರುವಿನ ಮೇಲಿದ್ದ ಗನ್ನಿನ ಕಪ್ಪು ಬಾಲವನ್ನು ನೋಡಿದಳು. ಅವನು ಚಹಾ ಊದಿಕೊಂಡು ಕುಡಿದ.

ಅಲ್ಲಿಂದ ಅವಳ ಕಣ್ಣಿಗೆ ಮನೆಯೇ ಬೇರೆಯಾಗಿ ಕಾಣತೊಡಗಿತು. ಅತ್ತೆಯೂ ಗಂಡನೂ ಹಿತ್ತಲಲ್ಲಿ ಪಿಸುಗುಟ್ಟುವುದು, ಅವಳು ಬಂದರೆ ಬಟ್ಟೆ ಒಣಗಿತೋ ಇಲ್ಲವೋ ಅನ್ನುವ ಮಾತಿಗೆ ಹೊರಳುವುದು. ಅತ್ತೆ ಕಾರನ್ನು ಎಡಗಡೆ ಗೋಡೆಗೆ ಒತ್ತಿ ನಿಲ್ಲಿಸುವುದು. ಮೊದಲೆಲ್ಲ ಅಂಗಳದ ನಡುವೆ ನಿಲ್ಲಿಸುತ್ತಿದ್ದರು. ಕಾರು ಬೀದಿಗೆ ಬಂದು ನಿಂತ ಮೇಲೂ ಗುಬ್ಬಿ ಬ್ಯಾಗು ಹೊತ್ತುಕೊಂಡು ಕಾರಿನ ಹಿಂದಿನಿಂದ ಸುತ್ತಿಬಂದು ಬಲಗಡೆಯ ಬಾಗಿಲಿಂದಲೇ ಹತ್ತುವುದು.

“ಯಾಕೆ ಪುಟ್ಟ, ಈ ಕಡೆಯಿಂದ ಹತ್ತಬಾರದಾ?”

“ನಂಗೆ ಆ ಕಡೇನೇ ಇಷ್ಟ.”

ಹೊತ್ತಾಗುತ್ತಿತ್ತು. ಸೊಸೆ ಮಗಳ ತಲೆ ನೇವರಿಸಿ ಬಸ್ಸಿಗೆ ಓಡಿದಳು.

ನಾಲ್ಕನೇ ಭಾನುವಾರ ಗಂಡನ ಸೊಂಟ ಹಿಡಿದುಕೊಂಡಿತು. ತಿಂಡಿಗೆ ಬ್ರೆಡ್ಡು ಸುಡುತ್ತಿದ್ದ ಮಗ ಕಾವಲಿಯಿಂದ ಮುಖ ತಿರುಗಿಸಿದ.

“ನಿನ್ನೆ ಗ್ಯಾರೇಜಿನಲ್ಲಿ ಲಾರಿ ಬಾಗಿಲು ಎತ್ತಿದ ಸೊಂಟ ಅಲ್ವಾ ಅದು? ಸರಿ ಬಿಡು, ನಾನೇ ಮಡಿಸ್ತೀನಿ. ನೋಡಿ ಕಲ್ತಿದ್ದೀನಿ.”

“ಆ ಕಾರಿಗೆ ಕೈ ಹಚ್ಚಿದ್ರೆ ನೋಡು!”

“ಏನಪ್ಪ ಇದು? ಮೂರು ಮಡಿಸಿದ್ದೀಯಾ, ನಾಲ್ಕನೇದಕ್ಕೆ ದೆವ್ವ ಮೆಟ್ಟಿಕೊಂಡಿದೆಯಾ? ಟಯರ್ ಆ ಕಡೆ ತೇದು ತೇದು ನೂಲು ಕಾಣ್ತಿದೆ. ಸಿಡಿದ್ರೆ ಯಾರು ಜವಾಬ್ದಾರಿ?”

“ಗಾಲಿ ತಂದೋನು ನೀನು, ನಿನ್ನದೇ ಜವಾಬ್ದಾರಿ,” ಅಂದರು ಅತ್ತೆ ಮೂಲೆಯ ಕುರ್ಚಿಯಿಂದ. “ಕಳಚಿ ಬಿಸಾಕು ಅವನ್ನ. ಲೈಸೆನ್ಸ್ ಬಂದು ಎರಡು ತಿಂಗಳಾಗಿಲ್ಲ, ನನಗೆ ಗಾಡಿ ಪಾಠ ಹೇಳೋಕೆ ಬರ್ತಾನೆ.”

“ಅಜ್ಜಿ, ನಾನೇನು…”

“ಬಾಯಿ ಮುಚ್ಚು!” ಅಂದ ಗಂಡ. ತಟ್ಟೆ ತಳ್ಳಿ ಎದ್ದುಹೋದ. ಹಿಡಿದುಕೊಂಡಿದ್ದ ಸೊಂಟ ಆಗ ಎಲ್ಲಿಗೆ ಹೋಗಿತ್ತೋ, ಧಡಧಡ ಮೆಟ್ಟಿಲಿಳಿದ.

ಹಳೇ ಕಾರು ಕೊಳ್ಳಲು ಬರುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುತ್ತಾರೆಂಬುದು ಟಿಂಕರನ ಹೆಂಡತಿಗೆ ತಿಳಿಯದ ವಿಷಯವಲ್ಲ. ಕಬ್ಬಿಣದ ತಗಡಿಗೆ ಅದು ಅಂಟುತ್ತದೆ. ಗುದ್ದಿ ತಗ್ಗಾದ ಜಾಗಕ್ಕೆ ಪುಟ್ಟಿ ಲೇಪ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಅಯಸ್ಕಾಂತಕ್ಕೆ ಗೊತ್ತಾಗುತ್ತದೆ. ಪುಟ್ಟಿ ತಗಡಿನ ಹಾಗೆ ಬಾಗುವುದೂ ಇಲ್ಲ, ಒಡೆಯುತ್ತದೆ. ಗುರುವಾರ ಅತ್ತೆ ಸ್ನಾನಕ್ಕೆ ಹೋದಾಗ ಸೊಸೆ ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ, ಮಾವಿನ ಹಣ್ಣಿನ ಆಕಾರದ ಅಯಸ್ಕಾಂತದ ಗೊಂಬೆ ಕಿತ್ತುಕೊಂಡು ಅಂಗಳಕ್ಕೆ ಬಂದಳು.

ಮುಂದಿನ ಕಮಾನಿಗೆ ಹಚ್ಚಿದಳು, ಟಕ್ಕಂತ ಕಚ್ಚಿತು. ಇನ್ನೊಂದು ಬದಿಯದಕ್ಕೂ ಕಚ್ಚಿತು. ಹಿಂದಿನ ಬಲಗಡೆಯದಕ್ಕೂ ಕಚ್ಚಿತು. ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಹಿಂದಿನ ಎಡಗಡೆಗೆ ಹಚ್ಚಿದಳು. ಮಾವಿನ ಹಣ್ಣು ಜಾರಿ ನೆಲಕ್ಕೆ ಬಿತ್ತು. ಒಂದು ಗೇಣು ಮೇಲೆ, ಒಂದು ಗೇಣು ಮುಂದೆ, ಬಾಗಿಲಿನ ಅಂಚಿನವರೆಗೂ ಹಚ್ಚುತ್ತಾ ಬಂದಳು. ಎಲ್ಲೂ ನಿಲ್ಲಲಿಲ್ಲ.

ಕಮಾನಿನ ಮುಂದೆ ಬಾಗಿಲು. ಬಾಗಿಲ ಒಳಗೆ ಗುಬ್ಬಿಯ ಸೀಟು.

ಅಕ್ಕನ ಆಪರೇಷನ್ನಿಗೆಂದು ನಾಲ್ಕು ತಿಂಗಳ ಹಿಂದೆ ಸೊಸೆ ಹತ್ತು ದಿನ ಮನೆಯಲ್ಲಿರಲಿಲ್ಲ. ವಾಪಸು ಬಂದಾಗ ಕಾರು ಫಳಫಳ ಹೊಳೆಯುತ್ತಿತ್ತು. “ನೀನಿಲ್ಲದೆ ಬೇಜಾರಾಗಿ ಪಾಲಿಶ್ ಹಾಕಿಸಿದೆ,” ಎಂದಿದ್ದರು ಅತ್ತೆ. ಅದನ್ನು ಕೇಳಿ ಸೊಸೆಗೆ ಖುಷಿಯೂ ಆಗಿತ್ತು.

ಆ ದಿನಗಳಲ್ಲಿ ಮಗ ಡ್ರೈವಿಂಗ್ ಕಲಿಯುತ್ತಿದ್ದ. ಸಂಜೆ ಅವನು ಕೈಕಾಲು ತೊಳೆಯಲು ಹೋದಾಗ ಅವಳು ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತಳು.

“ನಾನು ದೊಡ್ಡಮ್ಮನ ಮನೆಗೆ ಹೋಗಿದ್ದಾಗ ಕಾರು ತೆಗೆದಿದ್ಯಾ?”

“ಇಲ್ಲಮ್ಮ.”

“ನನ್ನ ಮುಖ ನೋಡಿ ಹೇಳು.”

“ಮುಖದ ತುಂಬಾ ಸೋಪಿದೆ, ಹೇಗೆ ನೋಡ್ಲಿ? ತೆಗೆದಿಲ್ಲ ಅಂದೆನಲ್ಲ. ಕೀ ಅಜ್ಜಿ ಜೇಬು ಬಿಟ್ಟು ಯಾವತ್ತು ಹೊರಗೆ ಬಂದಿದೆ?”

“ಹಾಗಾದ್ರೆ ನಿಮ್ಮಪ್ಪ ಯಾರ ತಪ್ಪು ಮುಚ್ಚಿಡ್ತಿದ್ದಾರೆ? ಆ ಎಡಗಡೆ ಪೂರಾ ಪುಟ್ಟಿ ಇದೆ. ಯಾರಿಗೋ ಗುದ್ದಿಬಿಟ್ಟು ಓಡಿಬಂದಿದ್ದೀಯಾ? ನಿಜ ಹೇಳು, ಯಾರಿಗಾದ್ರೂ ಏನಾದ್ರೂ ಆಯ್ತಾ?”

ಮಗ ಮುಖಕ್ಕೆ ನೀರು ಹಾಕಿಕೊಂಡ. ಟವೆಲ್ ತೆಗೆದುಕೊಂಡು ನಿಧಾನವಾಗಿ ಒರೆಸಿಕೊಂಡ.

“ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನ ಹೆಸರೇ ಬರುತ್ತಲ್ಲಮ್ಮ ನಿನ್ನ ಬಾಯಿಗೆ,” ಅಂದ. ಆ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಶುಕ್ರವಾರ ಡಬ್ಬಿಯನ್ನೂ ಒಯ್ಯಲಿಲ್ಲ.

“ನೋಡಿದ್ಯಾ, ಎಷ್ಟು ಕೊಬ್ಬು,” ಅಂದರು ಅತ್ತೆ. ಗಂಡ ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಶನಿವಾರ ಸೊಸೆ ಅಂಗಡಿಗೆ ರಜೆ ಹೇಳಿದಳು. ಗುಬ್ಬಿಗೆ ಅಂದೂ ಎರಡರವರೆಗೆ ಶಾಲೆ. ಅವಳನ್ನು ಬಿಟ್ಟುಬಂದ ಅತ್ತೆ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸುವ ಮೊದಲೇ ಸೊಸೆ ಎದುರು ನಿಂತು ಕೈ ಅಡ್ಡ ಹಿಡಿದಳು.

“ಇಲ್ಲೇ ನಡುವೆ ಇರಲಿ ಅತ್ತೆ. ಗುಡಿಸಬೇಕು.”

ಗುಡಿಸಲಿಲ್ಲ. ಜ್ಯಾಕ್ ತಂದಳು, ಗಾಲಿ ಕಳಚಿದಳು. ಎಣ್ಣೆ ಬಟ್ಟೆಯಿಂದ ರೋಲರ್ ಬಿಚ್ಚಿ, ಗಂಡ ಮಾಡಿದ ಹಾಗೆಯೇ ಐದು ಬೋಲ್ಟು ಬಿಗಿದಳು. ಗನ್ನಿನ ವೈರನ್ನು ಕಿಟಕಿಯಿಂದ ಹೊರಕ್ಕೆಳೆದಳು. ಬುಸ್ ಎನ್ನುವ ಸದ್ದಿಗೆ ಅತ್ತೆ ಹೊರಗೆ ಬಂದರು.

“ಏನೇ ಅದು? ನಿನಗ್ಯಾಕೆ ಗಂಡಸರ ಕೆಲಸ?”

“ನೀವು ಮೂವತ್ತು ವರ್ಷ ವ್ಯಾನು ಓಡಿಸಿದ್ದು ಯಾರ ಕೆಲಸ ಅತ್ತೆ?”

“ಬಿಡು ಅದನ್ನ. ಪೇಂಟು ಎಗರುತ್ತೆ.”

“ಬಿಸಿ ಮಾಡಿದ್ರೆ ಎಗರಲ್ಲ. ಮೂರು ಎಗರಲಿಲ್ಲ.”

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಸೊಸೆ ಅಂಗೈ ಹಚ್ಚಿ ಬಿಸಿ ನೋಡಿದಳು. ಬಿಸಿಯನ್ನು ಕೈಯಲ್ಲೇ ಅಳೆಯುವುದು ಅವಳಿಗೆ ಹೊಸತಲ್ಲ. ತಿರುಪನ್ನು ಅರ್ಧ ಸುತ್ತು ಬಿಗಿದಳು, ತೋಳನ್ನು ಆಡಿಸಿದಳು. ಮತ್ತೆ ಅರ್ಧ ಸುತ್ತು. ಕೈ ತಡೆದು ತಡೆದು ಕೆಲಸ ಮಾಡುತ್ತಿದ್ದಳು, ಅತ್ತೆಗೆ ಮಾತಾಡಲು ಸಮಯ ಕೊಡುವವಳ ಹಾಗೆ. ಮೂರನೇ ಸುತ್ತಿಗೆ ಚಟ್ ಅಂತು. ಹಸಿರು ಬಣ್ಣದ ಮೇಲೆ ಕೂದಲಿನಂಥ ಗೆರೆ ಮೂಡಿತು. ಗೆರೆ ಕವಲೊಡೆದು ಮೇಲಕ್ಕೆ ಹರಿಯಿತು. ನಾಲ್ಕನೇ ಸುತ್ತಿಗೆ ಬೂದು ಬಣ್ಣದ ಪುಟ್ಟಿ ಹೆಂಚಿನ ಚೂರಿನ ಹಾಗೆ ಕಳಚಿ ಅವಳ ಕಾಲ ಬಳಿ ಬಿತ್ತು. ಹೆಬ್ಬೆರಳಿನಷ್ಟು ದಪ್ಪವಿತ್ತು.

ಒಳಗೆ ತಗಡು ಮುಷ್ಟಿ ಹಾಕಿ ಗುದ್ದಿದ ಪಾತ್ರೆಯಂತಿತ್ತು. ಮೇಲೆಲ್ಲ ಸುತ್ತಿಗೆಯ ಗುರುತು. ಆ ಏಟುಗಳನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಗಂಡ ಹತ್ತಿರ ಹತ್ತಿರ, ಸಾಲಾಗಿ ಬಡಿಯುತ್ತಾನೆ. ತಗ್ಗು ಬಾಗಿಲ ಅಂಚಿನ ಹತ್ತಿರದವರೆಗೂ ಹೋಗಿತ್ತು. ಇನ್ನು ನಾಲ್ಕು ಬೆರಳು ಮುಂದೆ ಬಡಿದಿದ್ದರೆ ಬಾಗಿಲೇ ಒಳಗೆ ಬರುತ್ತಿತ್ತು.

“ನೋಡಿದ್ಯಾ,” ಅಂದರು ಅತ್ತೆ. “ನಿನ್ನ ಮಗ ಏನು ಮಾಡಿಟ್ಟಿದ್ದಾನೆ ನೋಡಿದ್ಯಾ.”

ಸೊಸೆ ಗನ್ನು ಆರಿಸಿ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅದರ ಮೂತಿ ಇನ್ನೂ ಕೆಂಪಗಿತ್ತು. ಅತ್ತೆ ಹತ್ತಿರ ನೋಡಲೆಂದು ಮೆಟ್ಟಿಲಿಳಿದು ಬಂದರು. ಬಗ್ಗುವಾಗ ಆಸರೆಗೆ ಎಡಗೈ ಚಾಚಿದರು, ಸ್ಟೂಲಿನ ಕಡೆಗೆ, ನೇರವಾಗಿ ಗನ್ನಿನ ಮೂತಿಯ ಮೇಲಕ್ಕೆ.

“ಅತ್ತೆ!”

ಸೊಸೆ ಅವರ ಮಣಿಕಟ್ಟನ್ನು ಹಿಡಿದೆಳೆದಳು. ಇಬ್ಬರೂ ಜಾರಿ ನೆಲಕ್ಕೆ ಕೂತರು. ಅತ್ತೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಆಮೇಲೆ ಗನ್ನನ್ನು ನೋಡಿದರು.

ಸೊಸೆ ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟಳು.

“ಎಷ್ಟು ದಿನದಿಂದ ಕಾಣ್ತಿಲ್ಲ?”

“ನೇರ ಕಾಣುತ್ತೆ. ಪಕ್ಕಕ್ಕೆ ಮಾತ್ರ… ಎಡಗಡೆ ಪರದೆ ಎಳೆದ ಹಾಗೆ.”

“ಎಷ್ಟು ದಿನದಿಂದ ಅತ್ತೆ?”

“ಒಂದು ವರ್ಷ ಆಗಿರಬೇಕು.”

“ಗುಬ್ಬಿ ಇದ್ಳಾ ಕಾರಲ್ಲಿ?”

ಅತ್ತೆ ಮಣಿಕಟ್ಟು ನೀವಿಕೊಂಡರು. “ಶಾಲೆ ಗೇಟಿನ ಕಂಬ. ದಿನಾ ನೋಡೋ ಕಂಬ. ಮಗೂಗೆ ಒಂದು ಗೀರೂ ಆಗಲಿಲ್ಲ ಕಣೇ, ಬೆಚ್ಚಿಬಿದ್ದಳು ಅಷ್ಟೇ. ನಿನ್ನ ಗಂಡ ಡಾಕ್ಟರ ಹತ್ರ ಕರ್ಕೊಂಡು ಹೋದ. ಅವನನ್ನ ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಎಡಗಣ್ಣಿನ ನರ ಒಣಗ್ತಿದೆ, ಹೋದದ್ದು ವಾಪಸ್ ಬರಲ್ಲ ಅಂದ್ರು. ಹೊರಗೆ ಬಂದು ಇವನಿಗೆ, ಡ್ರಾಪ್ಸ್ ಹಾಕಿದ್ರೆ ಸರಿಹೋಗುತ್ತಂತೆ ಅಂದೆ.”

“ಆಮೇಲೂ ದಿನಾ ಕರ್ಕೊಂಡು ಹೋದ್ರಿ.”

“ಜೋಪಾನವಾಗಿ ಹೋಗ್ತಿದ್ದೆ.”

“ನನ್ನ ಮಗ ಎರಡು ದಿನದಿಂದ ಈ ಮನೆಯಲ್ಲಿ ಅನ್ನ ಮುಟ್ಟಿಲ್ಲ. ಈಗಷ್ಟೇ ನಿಮ್ಮ ಬಾಯಲ್ಲಿ ಅವನ ಹೆಸರು ಬಂತು. ಹೇಗೆ ಬಂತು ಅತ್ತೆ?”

ಅತ್ತೆಯ ಗದ್ದ ಮೇಲೆದ್ದಿತು, ವ್ಯಾನಿನಲ್ಲಿ ಗಲಾಟೆ ಮಾಡುವ ಮಕ್ಕಳ ಕಡೆ ಹಿಂದಿರುಗಿ ನೋಡುತ್ತಿದ್ದಾಗಿನ ಹಾಗೆ.

“ನನ್ನೊಬ್ಬಳನ್ನೇ ಕೇಳ್ತೀಯಲ್ಲ. ಮಗು ನಾಲ್ಕು ತಿಂಗಳಿಂದ ಬಲಗಡೆಯಿಂದಲೇ ಹತ್ತುತ್ತೆ. ನೀನು ನೋಡಲಿಲ್ವಾ? ಚಹಾ ಎಡಕ್ಕಿಟ್ಟರೆ ನಾನು ಚೆಲ್ಲಿಕೊಳ್ತೀನಿ ಅಂತ ಬಲಕ್ಕಿಡೋಕೆ ಶುರು ಮಾಡಿದೋಳು ನೀನೇ. ಯಾಕೆ ಅಂತ ಒಂದು ದಿನ ಕೇಳಿದ್ಯಾ? ಕೇಳಿದ್ರೆ ಬೆಳಿಗ್ಗೆ ಎಂಟೂವರೆಗೆ ಮಷೀನಿನ ಮುಂದೆ ಯಾರು ಕೂರ್ತಿದ್ರು?”

ಚಹಾ ಬಲಕ್ಕಿಟ್ಟದ್ದು ನಿಜ. ಮಾವಿನ ಹಣ್ಣಿನ ಗೊಂಬೆ ಹಿಡಿದು ಕಾರಿನ ಸುತ್ತ ತಿರುಗಿದವಳು ಅತ್ತೆಯ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ, ಅದೂ ನಿಜ. ಅವಳು ಎದ್ದು ಪುಟ್ಟಿಯ ಚೂರುಗಳನ್ನು ಮೊರಕ್ಕೆ ಗುಡಿಸಿದಳು. ರೋಲರ್ ಬಿಚ್ಚಿಟ್ಟು ಅಡುಗೆಗೆ ಹೋದಳು.

ಹನ್ನೆರಡೂವರೆಗೆ ಗಂಡ ಬಂದ. ಗಾಲಿ ಕಳಚಿದ ಕಾರನ್ನೂ ಮೊರದಲ್ಲಿದ್ದುದನ್ನೂ ನೋಡಿ ಅಂಗಳದಲ್ಲೇ ನಿಂತ. ಅವನ ಹಿಂದೆಯೇ ಮಗನೂ ಬಂದ. ಸೊಸೆಯೇ ಫೋನು ಮಾಡಿ ಕರೆದಿದ್ದಳು. ನಾಲ್ವರೂ ತಟ್ಟೆಗೆ ಕೂತರು. ಅನ್ನ, ಹುರಿದ ಆಲೂಗಡ್ಡೆ. ಸೊಸೆ ಮೊದಲು ಮಗನಿಗೆ ಬಡಿಸಿದಳು.

“ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು ಕಣೋ,” ಅಂದಳು.

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿತ್ತು,” ಅಂದ ಗಂಡ. “ಅಮ್ಮ ಅವತ್ತು ಗ್ಯಾರೇಜಿಗೆ ಬಂದು ಅತ್ತಳು. ನಾನು ಹುಟ್ಟಿದಾಗಿನಿಂದ ಅವಳು ಅತ್ತದ್ದು ನೋಡಿರಲಿಲ್ಲ. ಒಂದೇ ದಿನದಲ್ಲಿ ಮುಗಿಸಿಕೊಟ್ಟೆ. ಡ್ರಾಪ್ಸ್ ಹಾಕ್ತಿದ್ದಾಳಲ್ಲ, ಸರಿಹೋಗಿದೆ ಅಂದ್ಕೊಂಡಿದ್ದೆ.”

“ಎಷ್ಟು ಚೆನ್ನಾಗಿ ಮುಚ್ಚಿದ್ದೀರಿ ರೀ. ನಾನು ನಾಲ್ಕು ತಿಂಗಳು ಅದರ ಪಕ್ಕದಲ್ಲೇ ಬಟ್ಟೆ ಒಣಗಿಹಾಕಿದ್ದೀನಿ.”

“ನನ್ನನ್ನ ಬೈಯುವಾಗ ನಿನಗೆ ಒಂದು ಸಲಾನೂ ಬಾಯಿ ಬರಲಿಲ್ವಾ ಅಪ್ಪ?” ಅಂದ ಮಗ.

ಗಂಡ ಆಲೂಗಡ್ಡೆಯ ತುಂಡನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದ.

“ಸೋಮವಾರದಿಂದ ಗುಬ್ಬಿ ನನ್ನ ಜೊತೆ ಬಸ್ಸಲ್ಲಿ ಬರ್ತಾಳೆ,” ಅಂದಳು ಸೊಸೆ. “ಅಂಗಡಿಗೆ ಒಂದು ಗಂಟೆ ತಡವಾಗಿ ಹೋಗ್ತೀನಿ. ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ಬಿಟ್ಟರೆ ಬಿಡಲಿ.”

“ಮಧ್ಯಾಹ್ನ ನಾನು ಕರ್ಕೊಂಡು ಬರ್ತೀನಿ,” ಅಂದ ಮಗ. “ಟಯರ್ ಅಂಗಡಿಯಲ್ಲಿ ಊಟದ ಹೊತ್ತಲ್ಲಿ ಬಿಡ್ತಾರೆ.”

ಅತ್ತೆ ಅನ್ನ ಕಲಸುತ್ತಿದ್ದರು. ಕೀ ಅವರ ಜೇಬಿನಲ್ಲಿತ್ತು. ಬಗ್ಗಿದಾಗಲೆಲ್ಲ ಕಿಣಿ ಅನ್ನುತ್ತಿತ್ತು. ಸೊಸೆ ಕಾದಳು. ಎರಡನೇ ಸಲ ಅನ್ನ ಬಡಿಸಿ ಕಾದಳು. ಅತ್ತೆ ತಟ್ಟೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಬಂದಾಗಲೂ ಕಾದಳು. ಗಂಡನೂ ಮಗನೂ ಅತ್ತೆಯ ಜೇಬನ್ನೇ ನೋಡುತ್ತಿದ್ದರು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಅತ್ತೆಯ ಕೈ ಜೇಬಿಗೆ ಹೋಯಿತು. ಕೀ ಹೊರಗೆ ಬಂತು.

“ಲೋ, ಗಾಲಿ ಹಾಕೋ,” ಅಂದರು ತಮ್ಮ ಮಗನಿಗೆ. “ಎರಡಕ್ಕೆ ಶಾಲೆ ಬಿಡುತ್ತೆ. ಇವತ್ತೊಂದು ದಿನ ಹೋಗಿಬರ್ತೀನಿ.”

ಗಂಡ ಎದ್ದು ಅಂಗಳಕ್ಕಿಳಿದ. ಬಗ್ಗಿ ಗಾಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ರೀ, ಕೆಳಗಿಡಿ ಅದನ್ನ,” ಅಂದಳು ಸೊಸೆ. ಆಮೇಲೆ ಅತ್ತೆಯ ಕಡೆ ತಿರುಗಿ ಕೈ ಚಾಚಿದಳು.

“ಅತ್ತೆ, ಕೀ ಕೊಡಿ.”

“ಸೋಮವಾರ ನಾನೇ ಕೊಡೋಣ ಅಂತಿದ್ದೆ.”

“ಈಗ ಕೊಡಿ.”

ಅತ್ತೆ ಕೊಟ್ಟರು. ಮಗ ಚಪ್ಪಲಿ ಮೆಟ್ಟಿಕೊಂಡು ಗುಬ್ಬಿಯನ್ನು ಕರೆತರಲು ಬಸ್ ಸ್ಟಾಪಿನ ಕಡೆ ನಡೆದ. ಕೇಳುವ ಹಾಗೆ ಮಾಡಿಕೊಳ್ಳುವುದಿಲ್ಲ ಎಂದು ಹತ್ತೊಂಬತ್ತು ವರ್ಷದ ಹಿಂದೆ ಅತ್ತೆ ಹೇಳಿದ್ದರು. ಸೊಸೆ ಕೇಳಬೇಕಾಯಿತು. ಮಾತು ಉಳಿಯಲಿಲ್ಲ.